ಸದ್ದು ಎಲ್ಲಿ ಮುಗಿಯುತ್ತದೆ? ಮೌನದ ಅಂಚಿನ ಚೇಂಬರ್ ಸಂಗೀತ ಕೇಳುವ ಬಗೆ

ಈ ಬಗೆಯ ಸಂಗೀತ ಹಾಕಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ವಾಲ್ಯೂಮ್ ಏರಿಸುವುದು. ನಾನೂ ಅದನ್ನೇ ಮಾಡಿದ್ದೆ. ಏನೂ ಕೇಳಿಸುತ್ತಿಲ್ಲ ಅಂತ ಒಂದು ಗೆರೆ ಏರಿಸಿದೆ, ಇನ್ನೊಂದು ಗೆರೆ ಏರಿಸಿದೆ. ಅಷ್ಟರಲ್ಲಿ ಚೆಲ್ಲೊ, ಪಿಟೀಲಿನ ದೊಡ್ಡಣ್ಣನಂಥ ವಾದ್ಯ, ಒಮ್ಮೆ ಗಟ್ಟಿಯಾಗಿ ಕಿರುಚಿತು. ಬೆಚ್ಚಿಬಿದ್ದು ಹೆಡ್‌ಫೋನ್ ಕಿತ್ತಿಟ್ಟೆ. ಆಮೇಲೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ. ಆ ವರ್ಷ ಸುಮ್ನೆ ಕಳೆದುಹೋಯಿತಲ್ಲ ಅನ್ನುವ ಬೇಸರ ಇವತ್ತಿಗೂ ಇದೆ. ಯಾರಾದರೂ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಆ ನಾಲ್ಕು ಮಾತನ್ನು ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಚೇಂಬರ್ ಸಂಗೀತ ಅಂದರೆ ಕೆಲವೇ ಜನ ಸೇರಿ ನುಡಿಸುವ ಪಾಶ್ಚಾತ್ಯ ಸಂಗೀತ. ಒಬ್ಬೊಬ್ಬರಿಗೆ ಒಂದೊಂದು ಭಾಗ. ಕೈಬೀಸಿ ನಡೆಸುವ ಕಂಡಕ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಒಂದು ಚೆಲ್ಲೊ ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಕೆಲವು ಸಂಯೋಜಕರು ಈ ಸಣ್ಣ ಗುಂಪನ್ನು ಕೇಳಿಸುವುದರ ಕೊನೆಯ ಅಂಚಿನವರೆಗೆ ಕರೆದುಕೊಂಡು ಹೋದರು. ಅವರ ಸ್ವರಲಿಪಿಯಲ್ಲಿ 'ದಾಲ್ ನಿಯೆಂತೆ' ಅಂತ ಇಟಾಲಿಯನ್ ಸೂಚನೆ ಸಿಗುತ್ತದೆ. ಏನೂ ಇಲ್ಲದಲ್ಲಿಂದ ಶುರುಮಾಡು ಅಂತ ಅದರ ಅರ್ಥ. 'ಅಲ್ ನಿಯೆಂತೆ' ಅಂದರೆ ಏನೂ ಇಲ್ಲದವರೆಗೆ ಹೋಗು ಅಂತ.

ಇದನ್ನು ಕೇಳುವಾಗ ಕನ್ನಡದವರಿಗೆ ಒಂದು ಅನುಕೂಲ ಇದೆ. ನಮ್ಮಲ್ಲಿ ನಿಶ್ಶಬ್ದ ಬೇರೆ, ಮೌನ ಬೇರೆ. ನಿಶ್ಶಬ್ದ ಅಂದರೆ ಸದ್ದಿಲ್ಲ, ಅಷ್ಟೇ. ಖಾಲಿ ಕೋಣೆಯೂ ನಿಶ್ಶಬ್ದವಾಗಿರಬಹುದು. ಆದರೆ ಮೌನವನ್ನು ಯಾರೋ ಒಬ್ಬರು ತಾಳುತ್ತಾರೆ, ಯಾರೋ ಮುರಿಯುತ್ತಾರೆ. ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ಈ ಸಂಗೀತದಲ್ಲಿ ಇರುವುದು ಮೌನ. ಅದನ್ನು ಹಿಡಿಯಲು ಒಂದೇ ಪ್ರಶ್ನೆ ಸಾಕು: ಈ ಸದ್ದು ಎಲ್ಲಿ ಮುಗಿಯಿತು? ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಬೇರೆ ಬೇರೆ ದಾರಿಗಳು.

1. ಕಿವಿಗೆ ಬಿಡುವು ಕೊಡಿ

ಗಲಾಟೆಯಿಂದ ಬಂದ ಕೂಡಲೇ ಇದನ್ನು ಕೇಳಬೇಡಿ. ಜೋರು ಸದ್ದಿನಲ್ಲಿ ತುಂಬಾ ಹೊತ್ತು ಇದ್ದರೆ ಕಿವಿ ಸ್ವಲ್ಪ ಕಾಲ ಮಂದವಾಗುತ್ತದೆ. ಮತ್ತೆ ಚುರುಕಾಗಲು ಸಮಯ ಬೇಕು. ಒಂದು ಗಂಟೆಯಾದರೂ ಸದ್ದು ಕಡಿಮೆ ಇರುವ ಕಡೆ ಇದ್ದು ಬನ್ನಿ.

ಆಮೇಲೆ ಕೋಣೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಫ್ರಿಜ್ ಇರುವ ಕೋಣೆ ಬೇಡ. ಟಿಕ್ ಟಿಕ್ ಅನ್ನುವ ಗಡಿಯಾರವನ್ನು ಆಚೆ ಇಡಿ. ಪಿಸುಮಾತು ಸುಮಾರು 30 ಡೆಸಿಬೆಲ್. ಫ್ರಿಜ್ಜಿನ ಗುಂಯ್ ಸದ್ದು ಹತ್ತಿರ ಹತ್ತಿರ 40. ಈ ಸಂಗೀತದ ಎಷ್ಟೋ ಭಾಗ ಪಿಸುಮಾತಿಗಿಂತ ಮೆಲ್ಲಗೆ ಇರುತ್ತದೆ. ಅಂದರೆ ಒಂದು ಫ್ರಿಜ್ಜು ನಾಲ್ಕು ಜನ ವಾದಕರನ್ನು ಮುಚ್ಚಿಹಾಕಬಲ್ಲದು. ಹಾಗಂತ ಪೂರ್ತಿ ನಿಶ್ಶಬ್ದ ಸಿಗಲಿ ಅಂತ ಕಾಯಬೇಡಿ. ಅದು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ದೂರದ ಹಕ್ಕಿ, ಆಗೊಮ್ಮೆ ಈಗೊಮ್ಮೆ ಹೋಗುವ ಗಾಡಿ ತೊಂದರೆ ಕೊಡುವುದಿಲ್ಲ. ನಿಲ್ಲದೆ ಒಂದೇ ಸಮನೆ ಗುಂಯ್‌ಗುಡುವ ಸದ್ದುಗಳೇ ನಿಜವಾದ ಶತ್ರು.

2. ವಾಲ್ಯೂಮ್ ಒಮ್ಮೆ ಇಡಿ, ಆಮೇಲೆ ಮುಟ್ಟಬೇಡಿ

ರಚನೆಯಲ್ಲಿ ಜೋರಾದ ಜಾಗ ಇದ್ದರೆ ಮೊದಲು ಅದನ್ನು ಹುಡುಕಿ. ಅಲ್ಲಿ ಕಿವಿಗೆ ಹಿತವಾಗುವಷ್ಟು ವಾಲ್ಯೂಮ್ ಇಡಿ. ಮತ್ತೆ ಮೊದಲಿನಿಂದ ಶುರುಮಾಡಿ. ಮೆಲ್ಲಗಿನ ಜಾಗ ಬಂದಾಗ ಏನೂ ಕೇಳಿಸುತ್ತಿಲ್ಲ ಅನ್ನಿಸಿದರೆ ಅನ್ನಿಸಲಿ. ಕೈ ಗುಂಡಿಯ ಕಡೆ ಹೋಗಬಾರದು, ಕಿವಿ ಸದ್ದಿನ ಕಡೆ ಹೋಗಬೇಕು.

ಉದ್ದಕ್ಕೂ ಮೆಲ್ಲಗೇ ಇರುವ ರಚನೆಯಾದರೆ ಗುರುತು ಬೇರೆ. ಪಿಯಾನೊ ಪೆಡಲಿನ ಸದ್ದು, ವಾದಕರ ಉಸಿರು, ಕುರ್ಚಿಯ ಕಿರ್ ಸದ್ದು ಸ್ವರದಷ್ಟೇ ಮುಂದೆ ಬಂದು ನಿಂತರೆ ವಾಲ್ಯೂಮ್ ಜಾಸ್ತಿಯಾಗಿದೆ ಅಂತ ಅರ್ಥ. ಅವು ಹಿಂದೆ ಸರಿಯುವ ತನಕ ಇಳಿಸಿ.

ಫೋನಿನ ಆ್ಯಪ್‌ನಲ್ಲಿ ಮೂರು ಸೌಲಭ್ಯಗಳನ್ನು ಮರೆಯದೆ ಆಫ್ ಮಾಡಿ. ಒಂದು, ಎಲ್ಲ ಹಾಡುಗಳನ್ನೂ ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್. ಎರಡು, ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ಕ್ರಾಸ್‌ಫೇಡ್. ಕೊನೆಯ ಮೌನವನ್ನೇ ಅದು ನುಂಗಿಬಿಡುತ್ತದೆ. ಮೂರು, ಆಟೊಪ್ಲೇ. ನಲವತ್ತು ನಿಮಿಷ ಮೆಲುದನಿಯಲ್ಲಿ ಕೂತವರ ಕಿವಿಗೆ ಥಟ್ಟನೆ ಡ್ರಮ್ಸ್ ಬಂದು ಬಡಿದರೆ ಆಗುವ ಹಿಂಸೆ ಬೇರೆ ಯಾರಿಗೂ ಬೇಡ. ಆಡಿಯೊ ಗುಣಮಟ್ಟವನ್ನು ಅತಿ ಮೇಲಕ್ಕೆ ಇಡಿ. ಕಡಿಮೆ ಗುಣಮಟ್ಟದ ಫೈಲಿನಲ್ಲಿ ಮೊದಲು ಹಾಳಾಗುವುದೇ ಸ್ವರದ ಬಾಲ. ಅದು ಮರಳು ಮರಳಾಗಿ ಕೇಳಿಸುತ್ತದೆ.

ಹೆಡ್‌ಫೋನೋ ಸ್ಪೀಕರೋ? ಮನೆ ಸದ್ದಿಲ್ಲದೆ ಇದ್ದರೆ ಸ್ಪೀಕರ್ ಅನ್ನುತ್ತೇನೆ. ಸ್ವರ ನಿಮ್ಮ ಕೋಣೆಯ ಗಾಳಿಯಲ್ಲೇ ಕರಗುತ್ತದೆ, ನಿಮ್ಮ ಕಣ್ಣೆದುರೇ ಅನ್ನುವ ಹಾಗೆ. ಹೆಡ್‌ಫೋನ್ ಆದರೆ ಹೊರಗಿನ ಸದ್ದು ತಡೆಯುವ ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿ ನೋಡಿ. ಎಷ್ಟೋ ಹೆಡ್‌ಫೋನ್‌ಗಳಲ್ಲಿ ಅದಕ್ಕೇ ಒಂದು ಸಣ್ಣ 'ಸ್ಸ್' ಸದ್ದು ಇರುತ್ತದೆ.

3. ಒಂದೇ ಒಂದು ಸ್ವರ

ಸಂಗೀತ ಹಾಕುವ ಮೊದಲು ಇದನ್ನು ಮಾಡಿ. ಪಿಯಾನೊ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪೂಜೆಯ ಗಂಟೆ, ಲೋಹದ ಬಟ್ಟಲು ಅಥವಾ ಗಿಟಾರಿನ ದಪ್ಪ ತಂತಿ, ಏನಾದರೂ ಆದೀತು. ಒಮ್ಮೆ ನುಡಿಸಿ. ಕಣ್ಣು ಮುಚ್ಚಿ. ಸದ್ದು ಮುಗಿಯಿತು ಅನ್ನಿಸಿದಾಗ ಕೈ ಎತ್ತಿ. ಎಷ್ಟು ಸೆಕೆಂಡ್ ಆಯಿತು ಅಂತ ಬರೆದಿಡಿ. ಹೀಗೆ ಐದು ಸಲ.

ಐದನೆಯ ಸಲ ಕೈ ಏಳುವುದು ಮೊದಲ ಸಲಕ್ಕಿಂತ ತಡವಾಗಿಯೇ. ಸ್ವರ ಉದ್ದವಾಗಿಲ್ಲ, ನೀವು ಅದರ ಜೊತೆ ಇನ್ನಷ್ಟು ದೂರ ನಡೆದಿದ್ದೀರಿ. ಪಿಯಾನೊದಲ್ಲಿ ಇನ್ನೊಂದು ವಿಷಯ ಸಿಗುತ್ತದೆ. ಅದರ ಸ್ವರ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೊದಲು ಬೇಗ ಇಳಿಯುತ್ತದೆ, ಆಮೇಲೆ ಒಂದು ಸಣ್ಣ ಎಳೆಯಾಗಿ ಬಹಳ ನಿಧಾನಕ್ಕೆ ಇಳಿಯುತ್ತದೆ. ಹೆಚ್ಚಿನವರ ಕಿವಿ ಮೊದಲ ಇಳಿತದಲ್ಲೇ ಎದ್ದುಹೋಗಿರುತ್ತದೆ. ಈ ಸಂಗೀತ ನಡೆಯುವುದು ಎರಡನೆಯ ಎಳೆಯಲ್ಲಿ.

ಇನ್ನೂ ಒಂದು. ಸ್ವರ ನಿಂತ ಮೇಲೂ ಕೋಣೆಯಲ್ಲಿ ಅದರ ನೆರಳು ಒಂದು ಗಳಿಗೆ ಇರುತ್ತದೆ. ಕೋಣೆಯೂ ಸುಮ್ಮನಾದ ಮೇಲೆ ನೆನಪು ಅದನ್ನು ಸ್ವಲ್ಪ ದೂರ ಹೊತ್ತುಕೊಂಡು ಹೋಗುತ್ತದೆ. ತಂತಿ, ಕೋಣೆ, ನೆನಪು ಇವುಗಳ ನಡುವಿನ ಗಡಿ ಎಲ್ಲಿದೆ ಅಂತ ಖಚಿತವಾಗಿ ಹೇಳಲು ನನಗೆ ಇವತ್ತಿಗೂ ಆಗಿಲ್ಲ. ಹುಡುಕುವ ಖುಷಿ ಮಾತ್ರ ಕಡಿಮೆಯಾಗಿಲ್ಲ.

4. ಚಿಕ್ಕದರಿಂದ ಶುರುಮಾಡಿ

ನೇರವಾಗಿ ಗಂಟೆಗಟ್ಟಲೆಯ ರಚನೆಗೆ ಹೋಗಬೇಡಿ. ಆಸ್ಟ್ರಿಯಾದ ಆಂಟನ್ ವೇಬರ್ನ್ (1883–1945) ಅವರಿಂದ ಶುರುಮಾಡಿ. 1914ರಲ್ಲಿ ಅವರು ಚೆಲ್ಲೊ ಮತ್ತು ಪಿಯಾನೊಗೆ ಬರೆದ ಮೂರು ಪುಟ್ಟ ರಚನೆಗಳಿವೆ, ಓಪಸ್ 11 (ಓಪಸ್ ಅಂದರೆ ರಚನೆಯ ಕ್ರಮಸಂಖ್ಯೆ). ಮೂರೂ ಸೇರಿ 32 ಬಾರ್, ಅಂದರೆ ಸ್ವರಲಿಪಿಯಲ್ಲಿ ಗೆರೆಗಳ ನಡುವಿನ 32 ಮನೆ, ಎರಡು ಮೂರು ನಿಮಿಷದಲ್ಲಿ ಮುಗಿಯುತ್ತವೆ. ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಬರೆದ ಆರು ಬಗಾಟೆಲ್‌ಗಳು, ಅಂದರೆ ಕಿರು ತುಣುಕುಗಳು, ಓಪಸ್ 9, ಒಟ್ಟು ಸುಮಾರು ನಾಲ್ಕು ನಿಮಿಷ. ಇವು ಹೊಸವೇನಲ್ಲ, ನೂರು ವರ್ಷ ದಾಟಿದೆ. ಆದರೆ ಆಮೇಲೆ ಬಂದವರೆಲ್ಲ ಈ ಬಾಗಿಲಿನಿಂದಲೇ ಒಳಗೆ ಹೋದವರು.

ಒಂದೇ ರಚನೆಯನ್ನು ಮೂರು ಸಲ ಕೇಳಿ. ಮೊದಲ ಸಲ ಸುಮ್ನೆ. ಎರಡನೆಯ ಸಲ ಸದ್ದುಗಳನ್ನು ಮಾತ್ರ ಗಮನಿಸಿ. ಮೂರನೆಯ ಸಲ ನಡುವಿನ ಖಾಲಿ ಜಾಗಗಳನ್ನು ಮಾತ್ರ. ಎಲ್ಲ ಖಾಲಿಯೂ ಒಂದೇ ತರಹ ಇಲ್ಲ ಅಂತ ಆಗ ಗೊತ್ತಾಗುತ್ತದೆ. ಕೆಲವು ಮುಂದಿನ ಸ್ವರಕ್ಕಾಗಿ ಉಸಿರು ಬಿಗಿಹಿಡಿದಿರುತ್ತವೆ. ಕೆಲವು ಈಗಷ್ಟೇ ಹೋದ ಸ್ವರದ ಹಿಂದೆ ನೋಡುತ್ತಿರುತ್ತವೆ.

ವೇಬರ್ನ್ ಆದ ಮೇಲೆ ಗ್ಯೋರ್ಗಿ ಕುರ್ಟಾಗ್. 1926ರಲ್ಲಿ ಹುಟ್ಟಿದ ಹಂಗೇರಿಯನ್ ಸಂಯೋಜಕ. ಅವರ 'ಒಫಿಸಿಯಂ ಬ್ರೆವೆ' (1988–89) ಅನ್ನುವ ಕ್ವಾರ್ಟೆಟ್‌ನಲ್ಲಿ 15 ತುಣುಕುಗಳಿವೆ. ಎಲ್ಲ ಸೇರಿ ಹನ್ನೆರಡು ನಿಮಿಷದ ಆಸುಪಾಸು. ತೀರಿಹೋದ ಸಂಯೋಜಕ ಎಂದ್ರೆ ಸೆರ್ವಾನ್ಸ್ಕಿ ಅವರ ನೆನಪಿಗೆ ಬರೆದದ್ದು. ಕೊನೆಯ ತುಣುಕಿನಲ್ಲಿ ಸೆರ್ವಾನ್ಸ್ಕಿ ಅವರದೇ ಒಂದು ಸೆರೆನೇಡ್‌ನ ಸಾಲು ಬರುತ್ತದೆ. ತುಂಬಾ ಇಂಪಾದ ಸಾಲು. ಅದು ನಡುವೆಯೇ ನಿಂತುಬಿಡುತ್ತದೆ. ಮಾತಾಡುತ್ತಿದ್ದವರು ಅರ್ಧಕ್ಕೆ ಎದ್ದುಹೋದ ಹಾಗೆ. ಅಲ್ಲಿಂದ ಮುಂದಿನ ಮೌನವನ್ನು ಕನಿಷ್ಠ ಅರ್ಧ ನಿಮಿಷ ಕೇಳಿ. ಪ್ಲೇಯರ್ ನಿಂತಿರುತ್ತದೆ, ಪರವಾಗಿಲ್ಲ. ಆ ಸಾಲಿನ ಉಳಿದ ಅರ್ಧ ನಿಮ್ಮೊಳಗೆ ಮುಂದುವರಿಯಲು ನೋಡುತ್ತದೆ.

5. ಒಂದು ಪುಸ್ತಕ ಇಟ್ಟುಕೊಳ್ಳಿ, ಕನ್ನಡದಲ್ಲಿ ಬರೆಯಿರಿ

ಸಂಗೀತದ ಪರಿಭಾಷೆ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ನಮ್ಮಲ್ಲಿ ಅನುಕರಣ ಪದಗಳ ದೊಡ್ಡ ಗಂಟೇ ಇದೆ. ಸರ್ರ್, ಕಿರ್ರ್, ಉಸ್ಸ್, ಚಟಕ್, ಟಪ್, ಝುಂಯ್, ಸುಂಯ್, ಪರಪರ, ಗೊರಗೊರ. ಕೇಳಿದ ಸದ್ದಿಗೆ ಹೊಂದುವ ಪದವನ್ನು ಬರೆದುಕೊಳ್ಳಿ. ಕಣ್ಣಿನ ಪದ ಹೊಂದಿದರೆ ಅದೂ ಸರಿ. ತಂತಿಗೆ ಬೆರಳು ಸೋಕಿಸಿ ಹುಟ್ಟಿಸುವ ಒಂದು ಹಾರ್ಮೋನಿಕ್ಸ್‌ಗೆ ನಾನು 'ಮಿಣುಕ್' ಅಂತ ಬರೆದಿದ್ದೇನೆ. ಅದಕ್ಕಿಂತ ಒಳ್ಳೆಯ ಪದ ಇನ್ನೂ ಸಿಕ್ಕಿಲ್ಲ. ಪದ ಹುಡುಕುವಾಗ ಕಿವಿ ತಾನಾಗಿಯೇ ಹತ್ತಿರ ಹೋಗುತ್ತದೆ.

6. ಕೈಗಳನ್ನು ನೋಡಿ

ಇಲ್ಲಿಂದ ಸ್ವಲ್ಪ ದಿನ ವಿಡಿಯೊ ನೋಡಿ. ಈ ಸದ್ದುಗಳು ಹೇಗೆ ಹುಟ್ಟುತ್ತವೆ ಅಂತ ಕಣ್ಣಿಗೆ ಕಂಡರೆ ಕಿವಿಗೆ ಧೈರ್ಯ ಬರುತ್ತದೆ.

ಪಿಟೀಲಿನ ಕಮಾನಿನ ಕೂದಲಿಗೆ ರಾಳ ಹಚ್ಚಿರುತ್ತಾರೆ. ಕೂದಲು ತಂತಿಯನ್ನು ಹಿಡಿದೆಳೆಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ತುಂಬು ಸ್ವರ ಹುಟ್ಟುತ್ತದೆ. ಕಮಾನಿನ ಭಾರ ತೀರಾ ಕಡಿಮೆ ಮಾಡಿ ಎಳೆದರೆ ಕೂದಲಿಗೆ ತಂತಿ ಸರಿಯಾಗಿ ಸಿಗುವುದಿಲ್ಲ. ಸ್ವರ ತೆಳುವಾಗಿ ಉಸಿರಿನಂಥ ಸದ್ದು ಉಳಿಯುತ್ತದೆ. ತಂತಿಯನ್ನು ಒತ್ತದೆ ಸರಿಯಾದ ಜಾಗದಲ್ಲಿ ಬೆರಳು ಸೋಕಿಸಿದರೆ ಹಾರ್ಮೋನಿಕ್ಸ್. ನಡುಮಧ್ಯ ಸೋಕಿದರೆ ಮೇಲಿನ ಸ್ಥಾಯಿಯ ಅದೇ ಸ್ವರ, ಮೂರನೆಯ ಒಂದು ಭಾಗದಲ್ಲಿ ಸೋಕಿದರೆ ಇನ್ನೂ ಮೇಲೆ. ಗಾಜಿನಂಥ ದನಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ (ಬ್ರಿಡ್ಜ್) ಹತ್ತಿರ ಕಮಾನು ಹೋದರೆ ದನಿ ಚೂಪಾಗಿ ಒಡೆಯುತ್ತದೆ. ಬೆರಳಿಡುವ ಪಟ್ಟಿಯ ಮೇಲೆ ಹೋದರೆ ಮಂಜಿನಂತಾಗುತ್ತದೆ.

ಇಟಲಿಯ ಸಾಲ್ವತೋರೆ ಶಾರಿನೊ (ಹುಟ್ಟು 1947) ಹಾರ್ಮೋನಿಕ್ಸ್‌ನಿಂದಲೇ ಮನೆ ಕಟ್ಟಿದವರು. 1976ರಲ್ಲಿ ಮುಗಿಸಿದ ಆರು ಕಪ್ರಿಚ್ಚಿಗಳು, ಅಂದರೆ ಲಹರಿಯ ತುಣುಕುಗಳು, ಒಂಟಿ ಪಿಟೀಲಿಗೆ ಬರೆದವು. ಸ್ವರ ಇದೆಯೋ ಇಲ್ಲವೋ ಅನ್ನುವ ಜಾಗದಲ್ಲಿ ಬೆರಳುಗಳು ಮಾತ್ರ ಮಿಂಚಿನ ವೇಗದಲ್ಲಿ ಓಡುತ್ತಿರುತ್ತವೆ. ಅಷ್ಟೊಂದು ಶ್ರಮ, ಇಷ್ಟೇ ಇಷ್ಟು ಸದ್ದು. ನನಗೆ ಅದರಲ್ಲಿ ಒಂದು ದೊಡ್ಡ ಮರ್ಯಾದೆ ಕಾಣುತ್ತದೆ.

ಜರ್ಮನಿಯ ಹೆಲ್ಮುಟ್ ಲಾಖೆನ್‌ಮನ್ (ಹುಟ್ಟು 1935) ಬೇರೆ ದಾರಿ ಹಿಡಿದರು. ಸ್ವರ ಏನು ಅನ್ನುವುದಕ್ಕಿಂತ ಅದನ್ನು ಹುಟ್ಟಿಸಲು ಎಷ್ಟು ಬಲ ಬೇಕಾಯಿತು, ಯಾವುದಕ್ಕೆ ಯಾವುದು ಉಜ್ಜಿತು ಅನ್ನುವುದು ಅವರಿಗೆ ಮುಖ್ಯ. ಒಂಟಿ ಚೆಲ್ಲೊಗೆ ಬರೆದ 'ಪ್ರೆಸಿಯೋನ್' (1969) ನೋಡಿ. ಬೆರಳು ತಂತಿಯ ಉದ್ದಕ್ಕೂ ಸವರುತ್ತದೆ, ಕಮಾನು ಮರವನ್ನು ಉಜ್ಜುತ್ತದೆ. ನನ್ನನ್ನು ಬೆಚ್ಚಿಬೀಳಿಸಿದ್ದು ಇದೇ. ಅವರ ಪಿಯಾನೊ ರಚನೆ 'ಗ್ವೆರೊ' (1970) ಇನ್ನೂ ಮೆಲ್ಲಗೆ. ಉಗುರುಗಳು ಕೀಲಿಮಣೆಯ ಮೇಲೆ ಗರಗರ ಜಾರುತ್ತಾ ಹೋಗುತ್ತವೆ, ಕೀಲಿಗಳನ್ನು ಎಂದಿನಂತೆ ಒತ್ತಿ ನುಡಿಸುವುದೇ ಇಲ್ಲ. ಸ್ವರ ಇಲ್ಲದ ಪಿಯಾನೊ. ಇದು ನಿಮಗೆ ಹಿಡಿಸದೆ ಹೋಗಬಹುದು. ಹಿಡಿಸದಿದ್ದರೆ ಬಿಡಿ, ಮುಂದೆ ಹೋಗಿ. ಒಂದೆರಡು ತಿಂಗಳಾದ ಮೇಲೆ ಮತ್ತೆ ಬನ್ನಿ.

7. ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡ್

ಅಮೆರಿಕದ ಸಂಯೋಜಕ ಜಾನ್ ಕೇಜ್ ಅವರ ಈ ರಚನೆಯ ಬಗ್ಗೆ ಎಲ್ಲರೂ ಕೇಳಿರುತ್ತಾರೆ, ಆದರೆ ಪೂರ್ತಿ ಕೂತು ಕೇಳಿದವರು ಕಡಿಮೆ. ಆಗಸ್ಟ್ 29, 1952ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಮೊದಲ ಪ್ರದರ್ಶನ. ಕಾಡಿನ ನಡುವೆ ಇರುವ ಮೇವರಿಕ್ ಹಾಲ್. ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಬಂದು ಕೂತರು. ಕೀಲಿಗಳ ಮುಚ್ಚಳ ಹಾಕಿದರು, ಗಡಿಯಾರ ನೋಡಿಕೊಂಡರು, ಮುಚ್ಚಳ ತೆಗೆದರು. ಹೀಗೆ ಮೂರು ಭಾಗ. ಒಂದು ಸ್ವರವನ್ನೂ ನುಡಿಸಲಿಲ್ಲ. ಮೊದಲ ಭಾಗದಲ್ಲಿ ಹೊರಗೆ ಗಾಳಿ ಬೀಸುತ್ತಿತ್ತು, ಎರಡನೆಯದರಲ್ಲಿ ಚಾವಣಿಯ ಮೇಲೆ ಮಳೆಹನಿ ಬಿತ್ತು, ಮೂರನೆಯದರಲ್ಲಿ ಜನ ಮಾತಾಡಲು, ಎದ್ದುಹೋಗಲು ಶುರುಮಾಡಿದರು ಅಂತ ಕೇಜ್ ಆಮೇಲೆ ನೆನೆಸಿಕೊಂಡಿದ್ದಾರೆ.

ಅದಕ್ಕೂ ಮುಂಚೆ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರತಿಧ್ವನಿಯೇ ಇಲ್ಲದ ಒಂದು ಕೋಣೆಯೊಳಗೆ ಹೋಗಿದ್ದರು. ಏನೂ ಕೇಳಿಸಬಾರದು ಅಂದುಕೊಂಡಿದ್ದಲ್ಲಿ ಎರಡು ಸದ್ದು ಕೇಳಿಸಿದವು, ಒಂದು ತಾರ, ಒಂದು ಮಂದ್ರ. ಮಂದ್ರದ್ದು ನಿಮ್ಮ ರಕ್ತ ಹರಿಯುವ ಸದ್ದು ಅಂತ ಅಲ್ಲಿನ ಎಂಜಿನಿಯರ್ ಹೇಳಿದರಂತೆ. ಬದುಕಿರುವ ತನಕ ನಿಶ್ಶಬ್ದ ಅನ್ನುವುದು ಇಲ್ಲ ಅಂತ ಕೇಜ್ ಅಲ್ಲಿಂದ ತಿಳಿದುಕೊಂಡು ಬಂದರು.

ಇದರ ರೆಕಾರ್ಡಿಂಗ್ ಹಾಕಬೇಡಿ. ನೀವೇ ಮಾಡಿ. ಫೋನಿನಲ್ಲಿ ಟೈಮರ್ ಇಟ್ಟು, ಕೊನೆಯಲ್ಲಿ ಗಂಟೆ ಹೊಡೆಯದೆ ಬರೀ ನಡುಗುವಂತೆ ಮಾಡಿ. ಇನ್ನೊಬ್ಬರು ಜೊತೆಗಿದ್ದರೆ ತುಂಬಾ ಒಳ್ಳೆಯದು. ಒಬ್ಬರು ವಾದಕರಾಗಿ ಎದುರು ಕೂರಲಿ, ಶುರು ಮತ್ತು ಮುಗಿತಾಯವನ್ನು ಕೈಸನ್ನೆಯಲ್ಲಿ ತೋರಿಸಲಿ. ಎದುರು ಒಬ್ಬರು ಕೂತಾಗ ನಿಶ್ಶಬ್ದ ಹೇಗೆ ಮೌನವಾಗಿ ಬದಲಾಗುತ್ತದೆ ಅಂತ ಮೈಗೇ ಗೊತ್ತಾಗುತ್ತದೆ. ಮುಗಿದ ಮೇಲೆ ಕೇಳಿದ ಸದ್ದುಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆಯಿರಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

8. ಫೆಲ್ಡ್‌ಮನ್ ಜೊತೆ ಒಂದು ಸಂಜೆ

ನಾನು ಅತಿ ಹೆಚ್ಚು ಪ್ರೀತಿಸುವುದು ಇವರನ್ನು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮಾರ್ಟನ್ ಫೆಲ್ಡ್‌ಮನ್ (1926–1987) ನ್ಯೂಯಾರ್ಕಿನವರು. 1950ರಲ್ಲಿ ಒಂದು ಕಛೇರಿಯಲ್ಲಿ ವೇಬರ್ನ್ ಅವರ ಸಿಂಫನಿ ಕೇಳಿ, ಮುಂದಿನದನ್ನು ಕೇಳುವ ಮನಸ್ಸಿಲ್ಲದೆ ಹೊರಗೆ ಬಂದಾಗ, ಅದೇ ಕಾರಣಕ್ಕೆ ಹೊರಬಂದಿದ್ದ ಕೇಜ್ ಅವರಿಗೆ ಸಿಕ್ಕರು. ಸ್ನೇಹ ಅಲ್ಲಿಂದ ಶುರುವಾಯಿತು. ಫೆಲ್ಡ್‌ಮನ್ ಸಂಗೀತ ಹೆಚ್ಚುಕಡಿಮೆ ಪೂರ್ತಿ ಮೆಲುದನಿಯಲ್ಲೇ ನಡೆಯುತ್ತದೆ. ಒಂದು ಸ್ವರಗುಚ್ಛ ಬರುತ್ತದೆ, ಕರಗುತ್ತದೆ. ಮತ್ತೆ ಅದೇ ಬರುತ್ತದೆ. ಅದೇನಾ? ಒಂದು ಸ್ವರ ಬದಲಾದ ಹಾಗಿದೆ. ಅಥವಾ ನಡುವಿನ ಮೌನ ಒಂದು ಚೂರು ಉದ್ದವಾಗಿದೆ.

ಅವರಿಗೆ ಟರ್ಕಿಯ ಕಡೆಯ ಕೈನೇಯ್ಗೆಯ ಜಮಖಾನೆಗಳ ಹುಚ್ಚು ಇತ್ತು. ನೂಲಿಗೆ ಸ್ವಲ್ಪ ಸ್ವಲ್ಪವಾಗಿ ಬಣ್ಣ ಹಾಕುವುದರಿಂದ ಒಂದೇ ಕೆಂಪು ಜಮಖಾನೆಯ ಉದ್ದಕ್ಕೂ ಒಂದೇ ತರಹ ಇರುವುದಿಲ್ಲ. ದೂರದಿಂದ ಒಂದೇ ಬಣ್ಣ, ಹತ್ತಿರ ಹೋದರೆ ಅಲೆ ಅಲೆ. ಅವರ ಕೊನೆಯ ಹತ್ತು ವರ್ಷಗಳ ಸಂಗೀತವನ್ನು ಹೀಗೇ ಹತ್ತಿರ ಹೋಗಿ ಕೇಳಬೇಕು.

ಕ್ರಮ ಹೀಗಿರಲಿ. ಮೊದಲು 'ಪಲೇ ದ ಮರಿ' (1986), ಒಂಟಿ ಪಿಯಾನೊ, ಇಪ್ಪತ್ತೈದು ನಿಮಿಷದ ಆಸುಪಾಸು. ಇದನ್ನು ಒಂದು ವಾರದಲ್ಲಿ ಮೂರು ನಾಲ್ಕು ಸಲ ಕೇಳಿ. ಆಮೇಲೆ 'ಪಿಯಾನೊ ಅಂಡ್ ಸ್ಟ್ರಿಂಗ್ ಕ್ವಾರ್ಟೆಟ್' (1985), ಸುಮಾರು ಎಂಬತ್ತು ನಿಮಿಷ. ಪಿಯಾನೊ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಇಡುತ್ತದೆ. ಅದು ಮಸುಕಾಗುತ್ತಾ ಹೋಗುವಲ್ಲಿ ತಂತಿಗಳು ಬಂದು ನಿಲ್ಲುತ್ತವೆ. ಪಿಯಾನೊ ಸ್ವರ ಎಲ್ಲಿ ಮುಗಿಯಿತು, ತಂತಿ ಎಲ್ಲಿ ಶುರುವಾಯಿತು? ಮೂರನೆಯ ಹೆಜ್ಜೆಯಲ್ಲಿ ಮಾಡಿದ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ.

ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಚಡಪಡಿಕೆ ಬರುತ್ತದೆ. ಬಂದೇ ಬರುತ್ತದೆ. 'ಇದು ಎಲ್ಲಿಗೆ ಹೋಗುತ್ತಿದೆ?' ಅನ್ನಿಸುತ್ತದೆ. ನಿಲ್ಲಿಸಬೇಡಿ. ಬೇಕಾದರೆ ಭಂಗಿ ಬದಲಿಸಿ, ನೀರು ಕುಡಿಯಿರಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಆ ಪ್ರಶ್ನೆಯೇ ಬಿದ್ದುಹೋಗುತ್ತದೆ. ಇದು ಎಲ್ಲಿಗೂ ಹೋಗುತ್ತಿಲ್ಲ, ಇಲ್ಲೇ ಇದೆ ಅನ್ನಿಸಿದ ಗಳಿಗೆಯಿಂದ ನಿಜವಾದ ಕೇಳುವಿಕೆ ಶುರು. ನಡುವೆ ಕಣ್ಣು ಹತ್ತಿದರೂ ಚಿಂತೆ ಬೇಡ. ಎಚ್ಚರಾದಾಗ ಅದು ನಿಮಗಾಗಿ ಅಲ್ಲೇ ಕಾಯುತ್ತಿರುತ್ತದೆ.

ಆಮೇಲಿನದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಕೊಳಲು, ಪಿಯಾನೊ, ತಾಳವಾದ್ಯಗಳ 'ಫಾರ್ ಫಿಲಿಪ್ ಗಸ್ಟನ್' (1984) ನಾಲ್ಕು ಗಂಟೆಗೂ ಜಾಸ್ತಿ. ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್ (1983) ಪೂರ್ತಿ ನುಡಿಸಿದರೆ ಆರು ಗಂಟೆಯ ಹತ್ತಿರ, ಬಿಡುವಿಲ್ಲದೆ. ಅದನ್ನು ಪೂರ್ತಿಯಾಗಿ ಮೊದಲು ನುಡಿಸಿದ್ದು ಫ್ಲಕ್ಸ್ ಕ್ವಾರ್ಟೆಟ್, 1999ರಲ್ಲಿ. ಇದನ್ನು ಒಂದೇ ದಿನ ಕೇಳಲೇಬೇಕು ಅಂತ ಹಟ ಬೇಡ. ಆದರೆ ತುಂಡು ತುಂಡಾಗಿ ಕೇಳಿದರೆ ಅದರ ಗಾತ್ರ ಸಿಗುವುದಿಲ್ಲ ಅನ್ನುವುದೂ ನಿಜ.

9. ಹಾಡದ ಮಾತು

ಈಗ ನೋನೊ. ಇಟಲಿಯ ಲುಯಿಜಿ ನೋನೊ ಅವರ ಕ್ವಾರ್ಟೆಟ್ 'ಫ್ರಾಗ್ಮೆಂಟೆ-ಷ್ಟಿಲ್ಲೆ, ಆನ್ ದಿಯೊಟಿಮಾ' ಜೂನ್ 2, 1980ರಂದು ಜರ್ಮನಿಯ ಬಾನ್‌ನಲ್ಲಿ ಮೊದಲು ಕೇಳಿಸಿತು. ನುಡಿಸಿದವರು ಲಾಸಾಲ್ ಕ್ವಾರ್ಟೆಟ್. ಇದರ ಸ್ವರಲಿಪಿಯಲ್ಲಿ ಜರ್ಮನ್ ಕವಿ ಹೋಲ್ಡರ್ಲಿನ್ ಅವರ ಸಾಲುಗಳ ಚೂರುಗಳನ್ನು ಅಲ್ಲಲ್ಲಿ ಬರೆದಿದ್ದಾರೆ. ಅವನ್ನು ಗಟ್ಟಿಯಾಗಿ ಓದುವಂತಿಲ್ಲ. ವಾದಕರು ನುಡಿಸುತ್ತಾ ಮನಸ್ಸಿನೊಳಗೇ ಹಾಡಿಕೊಳ್ಳಬೇಕು. ಕೇಳುಗರಿಗೆ ಆ ಮಾತು ಯಾವತ್ತೂ ತಲುಪುವುದಿಲ್ಲ, ಅದನ್ನು ತಾಳಿದವರ ಮೌನ ತಲುಪುತ್ತದೆ. ಇದರಲ್ಲಿ ಫೆರ್ಮಾಟಾ ಚಿಹ್ನೆ, ಅಂದರೆ 'ಇಲ್ಲಿ ನಿಲ್ಲು' ಅನ್ನುವ ಗುರುತು, ಹೆಜ್ಜೆಹೆಜ್ಜೆಗೂ ಬರುತ್ತದೆ. ಪ್ರತಿ ನಿಲುಗಡೆಯಲ್ಲಿ ನೀವೂ ನಿಲ್ಲಿ. ಮುಂದೇನು ಅಂತ ಊಹಿಸಬೇಡಿ.

ಇನ್ನೂ ಬರಿದಾದ ಜಾಗ ಬೇಕಾದರೆ ವಾಂಡೆಲ್‌ವೈಸರ್ ಗುಂಪು ಇದೆ. 1992ರಲ್ಲಿ ಆಂಟ್ವಾನ್ ಬೊಯ್ಗರ್ ಮತ್ತು ಬುರ್ಕ್‌ಹಾರ್ಡ್ ಶ್ಲೋಟ್‌ಹೌವರ್ ಕಟ್ಟಿದ ಸಂಯೋಜಕರ ಬಳಗ. ಕೇಜ್ ಬಿಟ್ಟ ಜಾಗದಿಂದ ಮುಂದೆ ನಡೆದವರು ಇವರು. ಇವರಲ್ಲಿ ಸ್ವಿಟ್ಜರ್ಲೆಂಡಿನ ಯುರ್ಗ್ ಫ್ರೈ (ಹುಟ್ಟು 1953) ಅವರ ಕ್ವಾರ್ಟೆಟ್‌ಗಳಿಂದ ಶುರುಮಾಡಿ. ಮಾಂಟ್ರಿಯಲ್‌ನ ಬೊಜ್ಜಿನಿ ಕ್ವಾರ್ಟೆಟ್ ನುಡಿಸಿದ ರೆಕಾರ್ಡಿಂಗ್‌ಗಳು ಚೆನ್ನಾಗಿವೆ. ಕಮಾನು ತಂತಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಸಾಗುತ್ತದೆ. ಇದನ್ನು ಕಿಟಕಿ ತೆರೆದು ಕೇಳಿ. ಮೊದಲ ಹೆಜ್ಜೆಯಲ್ಲಿ ಮುಚ್ಚಿದ ಕಿಟಕಿಯನ್ನು ಇಲ್ಲಿ ತೆರೆಯಬಹುದು, ಯಾಕೆಂದರೆ ಈಗ ನಿಮ್ಮ ಕಿವಿಗೆ ಯಾವುದನ್ನೂ ಓಡಿಸಬೇಕಾಗಿಲ್ಲ.

10. ನೀವೇ ನುಡಿಸಿ ನೋಡಿ

ಇದಕ್ಕೆ ಸಂಗೀತ ಬರಬೇಕಾಗಿಲ್ಲ. ಕೇಜ್ 1987ರಿಂದ ತಮ್ಮ ಕೊನೆಯ ದಿನಗಳವರೆಗೆ ಬರೆದ ರಚನೆಗಳಿಗೆ ವಾದಕರ ಸಂಖ್ಯೆಯನ್ನೇ ಹೆಸರಾಗಿ ಇಟ್ಟರು. 'ಫೋರ್' (1989) ಅಂದರೆ ಸ್ಟ್ರಿಂಗ್ ಕ್ವಾರ್ಟೆಟ್. ಯಾವ ಸ್ವರ ಅನ್ನುವುದರ ಜೊತೆಗೆ, ಈ ಸಮಯದಿಂದ ಆ ಸಮಯದೊಳಗೆ ಶುರುಮಾಡು, ಇಷ್ಟರಿಂದ ಇಷ್ಟರೊಳಗೆ ಮುಗಿಸು ಅಂತ ಅಲ್ಲಿ ಬರೆದಿರುತ್ತದೆ. ಉಳಿದದ್ದು ವಾದಕರ ವಿವೇಕ.

ಈ ಉಪಾಯವನ್ನು ಎರವಲು ಪಡೆಯಿರಿ. ಮೂವರು ಸೇರಿ. ಒಬ್ಬೊಬ್ಬರೂ ಒಂದೊಂದು ಮೆಲ್ಲಗಿನ ಸದ್ದು ಆರಿಸಿಕೊಳ್ಳಿ: ಕಾಗದ ಸವರುವುದು, ಬಟ್ಟಲಿನ ಅಂಚು ತಟ್ಟುವುದು, ಬಾಯಿ ಮುಚ್ಚಿ ಒಂದು ಸ್ವರ ಹಿಡಿಯುವುದು. ಹತ್ತು ನಿಮಿಷ ಗಡಿಯಾರ ಇಡಿ. ಹತ್ತು ನಿಮಿಷದಲ್ಲಿ ಒಬ್ಬೊಬ್ಬರಿಗೆ ನಾಲ್ಕೇ ಸದ್ದು. ಯಾವಾಗ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಡಿ. ಸದ್ದು ಮಾಡುವ ಮುಂಚಿನ ಕೆಲವು ಸೆಕೆಂಡ್‌ಗಳಲ್ಲಿ, ಇದು ನಿಜವಾಗಲೂ ಬೇಕಾ ಅಂತ ನಿಮ್ಮನ್ನೇ ಕೇಳಿಕೊಳ್ಳುತ್ತೀರಿ. ಸ್ವರ ಬರೆಯುವಾಗ ಫೆಲ್ಡ್‌ಮನ್ ಅವರ ಕೈ ಯಾಕೆ ತಡೆಯುತ್ತಿದ್ದಿರಬಹುದು ಅಂತ ನನಗೆ ಹೊಳೆದದ್ದು ಇದನ್ನು ಮಾಡುವಾಗಲೇ.

11. ಕಛೇರಿಗೆ ಹೋದರೆ

ಅವಕಾಶ ಸಿಕ್ಕರೆ ಬಿಡಬೇಡಿ. ಮುಂದಿನ ಸಾಲುಗಳಲ್ಲಿ ಕೂರಿ, ಎಸಿಯ ಗಾಳಿ ಬರುವ ಜಾಗದಿಂದ ದೂರ. ಸರಸರ ಸದ್ದು ಮಾಡುವ ಜಾಕೆಟ್, ಪ್ಲಾಸ್ಟಿಕ್ ಚೀಲ ಬೇಡ. ಕಾರ್ಯಕ್ರಮದ ಹಾಳೆಯನ್ನು ಮೊದಲೇ ಓದಿ ಮಡಚಿಡಿ. ಫೋನ್ ಸೈಲೆಂಟ್ ಅಲ್ಲ, ಪೂರ್ತಿ ಆಫ್. ಮರದ ಕುರ್ಚಿಯಲ್ಲಿ ಫೋನ್ ನಡುಗಿದರೂ ಇಡೀ ಹಾಲಿಗೆ ಕೇಳಿಸುತ್ತದೆ. ಕೆಮ್ಮು ಬಂದರೆ ತಡೆದು ತಡೆದು ಒದ್ದಾಡಬೇಡಿ. ಮೊಣಕೈ ಮಡಚಿ ಬಟ್ಟೆಯೊಳಗೆ ಒಮ್ಮೆ ಕೆಮ್ಮಿ ಮುಗಿಸಿ. ತಡೆದ ಕೆಮ್ಮಿನ ಗೊರಗೊರ ಇನ್ನೂ ಜಾಸ್ತಿ ಹೊತ್ತು ಇರುತ್ತದೆ.

ಕೊನೆಯಲ್ಲಿ ವಾದಕರ ಕಮಾನುಗಳನ್ನು ನೋಡುತ್ತಿರಿ. ಸ್ವರ ನಿಂತಿರುತ್ತದೆ, ಆದರೆ ಕಮಾನು ಇನ್ನೂ ತಂತಿಯ ಮೇಲೆ ಅಥವಾ ಗಾಳಿಯಲ್ಲಿ ಇರುತ್ತದೆ. ಅಲ್ಲಿಯವರೆಗೆ ರಚನೆ ನಡೆಯುತ್ತಲೇ ಇದೆ. ನಾಲ್ಕೂ ಕಮಾನುಗಳು ಕೆಳಗಿಳಿದು, ವಾದಕರು ಒಬ್ಬರ ಮುಖ ಒಬ್ಬರು ನೋಡಿಕೊಂಡ ಮೇಲೆ ಚಪ್ಪಾಳೆ ತಟ್ಟಿ.